ಲೇಥಿನ ಊರಿನಿಂದ ರೇಸಿನ ಹಾದಿ

ಕಾರು ರೇಸೆಂದರೆ ಸಿರಿವಂತರ ಆಟ ಎಂಬ ಮಾತು ಕೊಲ್ಹಾಪುರ ಸೀಮೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿ ಕಾರಿನ ವೈಭವವೆಂದರೆ ಅರಮನೆಯ ವೈಭವ. ರಾಜಾರಾಮ ಮಹಾರಾಜರ ಮೇಬ್ಯಾಕ್ ಕಾರನ್ನು ಜನ ಇವತ್ತಿಗೂ ದಸರೆಯ ಮೆರವಣಿಗೆಯಲ್ಲಿ ಕಾದು ನಿಂತು ನೋಡುತ್ತಾರೆ. ದೇಶದ ರೇಸಿಂಗ್ ಚರಿತ್ರೆಯ ಮೊದಲ ಪುಟಗಳೂ ಈ ಮಾತಿಗೇ ಸಾಕ್ಷಿ ಹೇಳುತ್ತವೆ. 1953ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿತು. ಮದ್ರಾಸಿನ ಬಳಿಯ, ಮಹಾಯುದ್ಧದ ಕಾಲದ ಶೋಲವರಂ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಗೊಂಡಲ್‌ನ ಮಹಾರಾಜರಂಥವರು ಓಡಿಸಿದರು. 1980ರ ದಶಕದ ಆರಂಭದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಕಂಪನಿಯ ಫಾರ್ಮುಲಾ ಒನ್ ಕಾರನ್ನೇ ಅಲ್ಲಿಗೆ ತಂದಿಳಿಸಿದರು. ಹೊರದೇಶದಿಂದ ಕಾರು ತರಿಸಬಲ್ಲವನೇ ಗೆಲ್ಲುವವನಾದಾಗ ಗ್ಯಾರೇಜಿನ ಹುಡುಗನಿಗೆ ಉಳಿಯುತ್ತಿದ್ದುದು ಬೇಲಿಯಾಚೆಯ ಜಾಗವೊಂದೇ. ಈ ಸ್ಥಿತಿಯನ್ನು ಬದಲಿಸಿದ್ದು ಎರಡು ಸಂಗತಿಗಳು ಎಂಬುದು ನನ್ನ ವಾದ. ಎಲ್ಲರಿಗೂ ಒಂದೇ ಬಗೆಯ ಎಂಜಿನ್ ಇರಬೇಕೆಂಬ ನಿಯಮ ಒಂದು. ಆ ಎಂಜಿನ್ನನ್ನು ಊರಿನ ಮಿಸ್ತ್ರಿ ಬಿಚ್ಚಿ ಜೋಡಿಸುವಂತಿರಬೇಕೆಂಬುದು ಇನ್ನೊಂದು. ಎರಡೂ ಕೂಡಿದ ಕಡೆ ರೇಸು ಕೆಳಗಿಳಿದು ಬಂತು. ಒಂದೇ ಇದ್ದ ಕಡೆ ಅರ್ಧಕ್ಕೆ ನಿಂತಿತು. ಕೊಲ್ಹಾಪುರ ಈ ಎರಡನೆಯ ಬಗೆಯ ಊರು.

ಎರಡೂ ಕೂಡಿದ್ದು ಕೊಯಮತ್ತೂರಿನಲ್ಲಿ. ಅಲ್ಲಿಯ ಲಕ್ಷ್ಮೀ ಮಿಲ್ಸ್ ಮನೆತನದ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರು ಕಟ್ಟಿದರು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದಿದ್ದ ಮಾರುತಿ 800ರ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದ ಕಾರು ಅದು. 796 ಸಿಸಿಯ ಆ ಎಂಜಿನ್ನಿಗೆ ದೊಡ್ಡ ಶಕ್ತಿಯೇನೂ ಇರಲಿಲ್ಲ. ಆದರೆ ಗ್ಯಾಸ್ಕೆಟ್ ಹೋದರೆ ಸಂತೆಪೇಟೆಯ ಅಂಗಡಿಯಲ್ಲೇ ಸಿಗುತ್ತಿತ್ತು, ಕ್ಲಚ್ ಸುಟ್ಟರೆ ಯಾವ ಮೆಕ್ಯಾನಿಕ್ಕಾದರೂ ಬದಲಿಸುತ್ತಿದ್ದ. ಹೀಗೆ ಸೋಲಿನ ಖರ್ಚು ತಗ್ಗಿತು. ಹೊಸಬನನ್ನು ಆಟದಿಂದ ಹೊರಗೆ ಹಾಕುವುದು ಮೊದಲ ಖರ್ಚಿಗಿಂತ ಹೆಚ್ಚಾಗಿ ಎರಡನೆಯದು, ಅಂದರೆ ಕಾರು ಗೋಡೆಗೆ ಬಡಿದ ಮರುದಿನದ್ದು. 1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ ನಿಜವಾದ ಟ್ರ್ಯಾಕ್ ತೆರೆಯಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಏರಿ ಬಂದ ಮೆಟ್ಟಿಲುಗಳಲ್ಲಿ ಫಾರ್ಮುಲಾ ಮಾರುತಿಯೂ ಒಂದು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ ಶುರುವಾದ 2.1 ಕಿಲೋಮೀಟರಿನ ಟ್ರ್ಯಾಕಿಗೆ ಅವರದೇ ಹೆಸರು. ಅಲ್ಲಿ ಓಡುವ ಎಲ್‌ಜಿಬಿ ಫಾರ್ಮುಲಾ ಕಾರುಗಳ ಬೆನ್ನಿಗೂ ಮಾರುತಿಯದೇ 1300 ಸಿಸಿ ಎಂಜಿನ್ನು.

ಈಗ ಕೊಯಮತ್ತೂರನ್ನೂ ನಮ್ಮ ಸೀಮೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅದು ದಕ್ಷಿಣದ ಮ್ಯಾಂಚೆಸ್ಟರ್ ಎನಿಸಿಕೊಂಡರೆ, 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗ ಹಾಕಿದ ಇಚಲಕರಂಜಿ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಅಲ್ಲಿ ಪಂಪುಸೆಟ್ಟು, ಫೌಂಡ್ರಿ. ಇಲ್ಲಿ ಆಯಿಲ್ ಎಂಜಿನ್ನು, ಫೌಂಡ್ರಿ. 1918ರಲ್ಲೇ ಬಾಬುರಾವ ಪೇಂಟರರು ಸಂಗಾತಿಗಳ ಜೊತೆ ಸೇರಿ ಕೊಲ್ಹಾಪುರದಲ್ಲಿ ಸಿನಿಮಾ ಕ್ಯಾಮೆರಾವನ್ನೇ ಕಟ್ಟಿದ್ದರು. ಫಿಲ್ಮು ಒಂದೊಂದೇ ಚೌಕಟ್ಟಿನಷ್ಟು ಸರಿದು, ಕ್ಷಣ ನಿಂತು, ಮತ್ತೆ ಸರಿಯುವ ಆ ಸೂಕ್ಷ್ಮವನ್ನು ಸಾಧಿಸಿದ ಊರಿಗೆ ಕೊಳವೆ ಬೆಸೆದು ಕಾರಿನ ಚೌಕಟ್ಟು ಮಾಡುವುದು ಅಸಾಧ್ಯವಿರಲಿಲ್ಲ. ಶಿವಾಜಿ ಉದ್ಯಮನಗರದಿಂದ ಶಿರೋಲಿ, ಗೋಕುಳ ಶಿರಗಾಂವದವರೆಗೆ ಹಬ್ಬಿದ ಕಾರಖಾನೆಗಳು ವಾಹನಗಳ ಎರಕದ ಭಾಗಗಳನ್ನು ದೇಶಕ್ಕೆಲ್ಲ ಕಳಿಸುತ್ತವೆ. ಗಡಿಯಾಚೆ ಬೆಳಗಾವಿಯ ಉದ್ಯಮಬಾಗದಲ್ಲೂ ಇದೇ ಕಸುಬು. ಕೈಗಳಿಗೆ ಕೊರತೆ ಇರಲಿಲ್ಲ; ಕೊರತೆ ಇದ್ದದ್ದು ಟ್ರ್ಯಾಕಿಗೆ. ಹಳೆಯ ರಾಷ್ಟ್ರೀಯ ಹೆದ್ದಾರಿ 4 ಕೊಲ್ಹಾಪುರದ ಮಗ್ಗುಲಿನಿಂದ ಹೊರಟು ನಿಪ್ಪಾಣಿ, ಬೆಳಗಾವಿ, ಬೆಂಗಳೂರು ದಾಟಿ ಇರುಂಗಾಟ್ಟುಕೋಟೆಯ ಬಾಗಿಲಿಗೇ ಮುಟ್ಟುತ್ತಿತ್ತು, ನಿಜ. ಆದರೆ ನಡುವೆ ಸುಮಾರು 900 ಕಿಲೋಮೀಟರು. ಶನಿವಾರ ಮುರಿದದ್ದನ್ನು ರವಿವಾರದೊಳಗೆ ಊರಿನ ಲೇಥಿಗೆ ಹಾಕಿ ಸರಿಮಾಡಿಕೊಂಡು ಬರುವ ಅನುಕೂಲ ಊರಲ್ಲೇ ಟ್ರ್ಯಾಕ್ ಬಂದ ಮೇಲೆ ಕೊಯಮತ್ತೂರಿಗೆ ಸಿಕ್ಕಿತು, ಕೊಲ್ಹಾಪುರಕ್ಕೆ ಸಿಗಲಿಲ್ಲ.

ಹೀಗಾಗಿ ನಮ್ಮ ಸೀಮೆಗೆ ರೇಸು ಬಂದದ್ದು ಕಾರ್ಟ್ ಎಂಬ ಪುಟ್ಟ ಗಾಡಿಯ ರೂಪದಲ್ಲಿ. ಕೊಲ್ಹಾಪುರದ ಮೋಹಿತೆ ಟ್ರ್ಯಾಕಿನಲ್ಲಿ ರಾಷ್ಟ್ರೀಯ ರೋಟಾಕ್ಸ್ ಕಾರ್ಟಿಂಗ್ ಚಾಂಪಿಯನ್‌ಶಿಪ್ಪಿನ ಸುತ್ತುಗಳು ನಡೆದವು. ಬೆಂಗಳೂರಿನ ಕಾರ್ಟ್ ಟ್ರ್ಯಾಕಾದ ಮೆಕೊ ಕಾರ್ಟೋಪಿಯಾ ಕನ್ನಡ ನಾಡಿನಲ್ಲಿ ಮಾಡಿದ ಕೆಲಸವನ್ನು, ಅಂದರೆ ಹುಡುಗರನ್ನು ರೇಸಿಗೆ ತರುವುದನ್ನು, ಇಲ್ಲಿ ಈ ಟ್ರ್ಯಾಕು ಮಾಡಿತು. ಕಾರ್ಟು ಕಾರಲ್ಲ, ಅದು ಮಕ್ಕಳ ಆಟಿಕೆ ಎನ್ನುವವರಿದ್ದಾರೆ. ಅದನ್ನು ನೆಲಕ್ಕೆ ಬಾಗಿ ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ, ಒಳಗಾಲಿ ಕಡಿಮೆ ದೂರ ಓಡಬೇಕು. ಎರಡೂ ಸಮವಾಗಿ ಸುತ್ತಿದರೆ ಗಾಡಿ ತಿರುಗಲು ಒಲ್ಲದು. ಸ್ಟಿಯರಿಂಗ್ ತಿರುವಿದಾಗ ಚೌಕಟ್ಟು ತುಸು ತಿರುಚಿ, ಒಳಗಿನ ಹಿಂಗಾಲಿಯ ಭಾರ ಇಳಿದು, ಅದು ನೆಲ ಬಿಟ್ಟಾಗಲೇ ತಿರುವು ಸಲೀಸು. ಬ್ರೇಕು ಎಲ್ಲಿ ಬಿಡಬೇಕು, ಭಾರ ಯಾವ ಗಾಲಿಗೆ ಹೋಯಿತು ಎಂಬುದನ್ನು ಹುಡುಗ ಮೈಯಿಂದಲೇ ಕಲಿಯುತ್ತಾನೆ. ಈ ಊರಿನ ಚಿತ್ತೇಶ್ ಮಂಡೋಡಿ ಎಲ್‌ಜಿಬಿ ಫಾರ್ಮುಲಾ ಕಾರುಗಳಲ್ಲಿ, ಧ್ರುವ ಮೋಹಿತೆ ಫೋಕ್ಸ್‌ವ್ಯಾಗನ್ ಕಪ್ಪಿನಲ್ಲಿ ಓಡಿಸಿದರು. ಕೃಷ್ಣರಾಜ ಮಹಾಡಿಕ ಬ್ರಿಟಿಷ್ ಫಾರ್ಮುಲಾ 3ರವರೆಗೆ ಹೋದರು. ಜಿಲ್ಲಾ ಊರೊಂದಕ್ಕೆ ಇದು ಸಣ್ಣ ಪಟ್ಟಿಯಲ್ಲ.

ಆದರೆ ನನ್ನ ವಾದದ ಎರಡು ಸಂಗತಿಗಳು ಒಂದಕ್ಕೊಂದು ಎದುರಾಗುವುದೂ ಇಲ್ಲಿಯೇ. ಆ ಕಾರ್ಟುಗಳ ರೋಟಾಕ್ಸ್ 125 ಸಿಸಿ ಎಂಜಿನ್ನು ಆಸ್ಟ್ರಿಯಾದಿಂದ ಬರುತ್ತದೆ, ನಂಬರಿನ ಸೀಲು ಹಾಕಿಸಿಕೊಂಡು ಬರುತ್ತದೆ. ಅಧಿಕೃತ ಸರ್ವಿಸ್ ಕೇಂದ್ರದವರಲ್ಲದೆ ಬೇರಾರೂ ಅದನ್ನು ಬಿಚ್ಚುವಂತಿಲ್ಲ. ದುಡ್ಡಿದ್ದವನು ಒಳಗೆ ಕೈಯಾಡಿಸಿ ಹೆಚ್ಚಿನ ಶಕ್ತಿ ಕದಿಯಬಾರದೆಂದೇ ಈ ಕಟ್ಟಳೆ, ಅದು ನ್ಯಾಯವೂ ಹೌದು. ಆದರೆ ಅದೇ ಸೀಲು ಎಂಜಿನ್ನುಗಳನ್ನೇ ಉಂಡು ಉಸಿರಾಡುವ ಊರಿನ ಮಿಸ್ತ್ರಿಯನ್ನು ಹೊರಗೆ ನಿಲ್ಲಿಸಿತು. ಸಮಾನತೆಯ ನಿಯಮ ಬಂತು. ಅಗ್ಗದ ದುರಸ್ತಿ ಬರಲಿಲ್ಲ. ಕೊಲ್ಹಾಪುರದಿಂದ ಮೇಲೇರಿದವರೆಲ್ಲ ಅನುಕೂಲಸ್ಥರ ಮಕ್ಕಳೇ ಅಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಇದೆ. ಮಹಾಡಿಕರು ಸಂಸದರ ಮಗ, ಮೋಹಿತೆಯವರದು ಟ್ರ್ಯಾಕ್ ನಡೆಸುವ ಮನೆತನ. ಈ ಆಕ್ಷೇಪವನ್ನು ಮುಚ್ಚಿಡಬೇಕಿಲ್ಲ. ಕೊಯಮತ್ತೂರಿನಲ್ಲೂ ಕಾರು ಕಟ್ಟಿದ ಹಣ ಮಿಲ್ಲಿನದೇ. ವ್ಯತ್ಯಾಸವಿಷ್ಟೇ: ಅಲ್ಲಿಯ ಹಣ ಬೇರೆಯವರೂ ಓಡಿಸಬಹುದಾದ ಕಾರುಗಳ ಸಾಲಾಗಿ ಉಳಿಯಿತು. ಇವತ್ತು ಹೊಸಬನೊಬ್ಬ ಕೊಯಮತ್ತೂರಿನಲ್ಲಿ ತರಬೇತಿ ಮುಗಿಸಿ, ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಪಡೆದು, ತಂಡವೊಂದಕ್ಕೆ ಹಣ ಕಟ್ಟಿ ಹೊಸಬರ ನೋವಿಸ್ ಕಪ್ಪಿನಲ್ಲಿ ಓಡಿಸಬಹುದು. ಕಾರು, ಸಾಗಾಟ, ಮೆಕ್ಯಾನಿಕ್ಕು ಎಲ್ಲ ತಂಡದ್ದೇ. ಅದೂ ಕೂಲಿಕಾರನ ಮಗನಿಗೆ ಎಟುಕುವ ಮೊತ್ತವಲ್ಲ. ಆದರೆ ಕಾರನ್ನೇ ಕೊಂಡುಕೊಳ್ಳಬೇಕಾಗಿದ್ದ ಶೋಲವರಂ ಕಾಲಕ್ಕೆ ಹೋಲಿಸಿದರೆ ಬಾಗಿಲು ನಿಶ್ಚಯವಾಗಿ ಅಗಲವಾಗಿದೆ.

ಚಕ್ಕಡಿ ಶರ್ಯತ್ತಿನ ಸೀಮೆಗೆ ಕಾರು ರೇಸು ಒಗ್ಗದು ಎಂಬ ಮಾತೂ ಇದೆ. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ್ದ ಎತ್ತಿನ ಶರ್ಯತ್ತಿಗೆ ಮರಳಿ ಸಿಕ್ಕ ಹಾದಿಯನ್ನು 2023ರ ತೀರ್ಪು ಗಟ್ಟಿಮಾಡಿದ ಮೇಲೆ ಗಡಿಂಗ್ಲಜ, ಚಿಕ್ಕೋಡಿ ಕಡೆಯ ಜಾತ್ರೆಗಳಲ್ಲಿ ಸೇರುವ ಮಂದಿಯನ್ನು ನೋಡಿದರೆ ನನಗೆ ಅನಿಸುವುದು ಬೇರೆ. ಯಾವ ಎತ್ತು ಯಾರ ಮನೆಯದು, ಯಾರು ಸಾಕಿದ್ದು, ಮೇವು ಏನು ಎಂಬುದೆಲ್ಲ ಈ ಜನಕ್ಕೆ ಗೊತ್ತಿರುತ್ತದೆ. ಓಟದ ಹಿಂದಿನ ದುಡಿಮೆಯನ್ನು ಬಲ್ಲ ನೋಡುಗರಿವರು. ಕಾರು ರೇಸು ಇವರಿಗೆ ದೂರವಾದದ್ದು ಆ ದುಡಿಮೆ ಇವರ ಕಣ್ಣೆದುರು ನಡೆಯದ್ದರಿಂದ. ಅದು ನಡೆಯುವ ಸೂಚನೆ ಈಗ ಇಂಜಿನಿಯರಿಂಗ್ ಕಾಲೇಜುಗಳಲ್ಲಿದೆ. ಇಸ್ಲಾಂಪುರದ ಹತ್ತಿರ ಸಾಖರಾಳೆಯ ರಾಜಾರಾಮಬಾಪು ಕಾಲೇಜಿನಂಥ ಕಡೆಗಳ ಹುಡುಗರು ವಿದ್ಯಾರ್ಥಿಗಳ ಬಾಹಾ ಎಂಬ ಗಾಡಿ ಸ್ಪರ್ಧೆಗೆ ತಾವೇ ಗಾಡಿ ಕಟ್ಟುತ್ತಾರೆ. ಅಲ್ಲೂ ಎಲ್ಲ ತಂಡಗಳಿಗೆ ಒಂದೇ ಬಗೆಯ ಎಂಜಿನ್ನು, ಅದನ್ನು ಮುಟ್ಟುವಂತಿಲ್ಲ. ಆದರೆ ಚೌಕಟ್ಟು, ಅಚ್ಚು, ಗಾಲಿಯ ಹಬ್ಬು, ಸ್ಟಿಯರಿಂಗ್ ಎಲ್ಲ ಸ್ವಂತದ್ದು. ಬೆಸುಗೆ ಬಾರದಿದ್ದರೆ ಊರಿನ ಮಿಸ್ತ್ರಿಯ ಮುಂದೆ ಕೂತು ಕಲಿಯಬಹುದು. ವಿದ್ಯಾರ್ಥಿಗಳ ಇನ್ನೊಂದು ಸ್ಪರ್ಧೆಯಾದ ಫಾರ್ಮುಲಾ ಭಾರತ್ ನಡೆಯುವುದು ಕರಿವರ್ಧನರ ಹೆಸರಿನ ಟ್ರ್ಯಾಕಿನಲ್ಲೇ. ಮಾರುತಿ ಎಂಜಿನ್ನು ಕೂರಿಸಿದ, ಕಾಗಲ್ ಅಥವಾ ಶಿರೋಲಿಯಲ್ಲಿ ಎರಕ ಹೊಯ್ದು ಬೆಸೆದ ಹತ್ತು ಕಾರುಗಳನ್ನು ಕಟ್ಟಿ ಕೊಲ್ಹಾಪುರದ ಯಾವುದೇ ಹುಡುಗನಿಗೆ, ಹುಡುಗಿಗೆ ಬಾಡಿಗೆಗೆ ಕೊಡಲು ಬೇಕಾದ ಕಸುಬು ಈ ಸೀಮೆಯಲ್ಲಿ ಇಂದೇ ಇದೆ, ಅದಕ್ಕೆ ಹಣ ಹಾಕಬಲ್ಲ ಕಾರಖಾನೆದಾರರೂ ಇದ್ದಾರೆ.