ಡೇರೆಯೊಳಗೆ ಶುರುವಾದ ಮಾತುಕತೆ

ಬೆಂಗಳೂರಿನ ನಿಮ್ಹಾನ್ಸ್‌ ಅನ್ನು ಹಳೆಯ ತಲೆಮಾರಿನ ಕೆಲವರು ಈಗಲೂ ‘ಹುಚ್ಚಾಸ್ಪತ್ರೆ’ ಅಂತಲೇ ಕರೆಯುತ್ತಾರೆ. ಸಂಸ್ಥೆಯ ಹೆಸರೇನೋ ಹಲವು ಸಲ ಬದಲಾಗಿದೆ. ಹತ್ತೊಂಬತ್ತನೇ ಶತಮಾನದ ಲುನಾಟಿಕ್ ಅಸೈಲಂ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ಹೆಸರಿನ ಈ ಕತೆಗಿಂತ, ಇಂಥ ಆಸ್ಪತ್ರೆಗಳ ಒಳಗಿದ್ದವರ ಜೊತೆ ಮಾತಾಡುವ ರೀತಿ ಹೇಗೆ ಬದಲಾಯಿತು ಅನ್ನುವುದೇ ನನಗೆ ಹೆಚ್ಚು ಕುತೂಹಲದ ವಿಷಯ.

1912ರ ಲುನಸಿ ಕಾಯ್ದೆಯ ಕಾಲದಲ್ಲಿ ಆಸ್ಪತ್ರೆ ಸೇರುವ ಮುಖ್ಯ ದಾರಿ ಮ್ಯಾಜಿಸ್ಟ್ರೇಟರ ಆದೇಶ. ರೋಗಿ ಗೋಡೆಯ ಒಳಗೆ, ಮನೆಯವರು ಹೊರಗೆ. ದೇಶ ವಿಭಜನೆಯ ನಂತರ, 1950ರಲ್ಲಿ, ಭಾರತ ಮತ್ತು ಪಾಕಿಸ್ತಾನಗಳು ಮಾನಸಿಕ ರೋಗಿಗಳನ್ನು ಧರ್ಮದ ಲೆಕ್ಕದಲ್ಲಿ ಅದಲುಬದಲು ಮಾಡಿಕೊಂಡವು. ಲಾಹೋರಿನಲ್ಲಿದ್ದ ಹಿಂದೂ, ಸಿಖ್ ರೋಗಿಗಳು ಅಮೃತಸರಕ್ಕೆ ಬಂದರು. ಆತನ ಬಗ್ಗೆ ಎಲ್ಲರೂ ಮಾತಾಡುವುದು, ಆತನ ಜೊತೆ ಯಾರೂ ಮಾತಾಡದಿರುವುದು: ಆ ಕಾಲದ ವ್ಯವಸ್ಥೆಯನ್ನು ಒಂದೇ ಮಾತಲ್ಲಿ ಹೀಗೆ ಹೇಳಬಹುದು.

ಬದಲಾವಣೆಯೂ ಅದೇ ಅಮೃತಸರದಿಂದಲೇ ಬಂತು. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ಇರುವಂತೆ ಮಾಡಿದರು. ಅವರನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು ಕಾಯಿಲೆಯ ಬಗ್ಗೆ ಅವರಿಗೆ ತಿಳಿಯುವ ಮಾತಲ್ಲಿ ಹೇಳುತ್ತಿದ್ದರು. ಇದರಿಂದ ಆದ ಲಾಭ ಸರಳವಾದದ್ದು. ಪಕ್ಕದ ಡೇರೆಯಲ್ಲೂ ತನ್ನಂಥದೇ ಕಷ್ಟದ ಒಬ್ಬ ತಾಯಿ ಇದ್ದಾಳೆ ಎಂದು ತಿಳಿದಾಗ ಶಾಪ, ಪಾಪ, ಮಾಟ ಎಂಬ ಹೆದರಿಕೆ ತುಸು ಸಡಿಲವಾಗುತ್ತದೆ. ಗುಣವಾದವನನ್ನು ಮನೆಗೆ ಕರೆದೊಯ್ಯಲು ಧೈರ್ಯ ಬರುತ್ತದೆ. 1957ರಲ್ಲಿ ಶುರುವಾದ ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನು ಜೊತೆಗೇ ಉಳಿಸಿಕೊಂಡಿತು. ಬೆಂಗಳೂರಿನಲ್ಲೂ ಮುಂದೆ ಕುಟುಂಬ ವಾರ್ಡು ಬಂತು.

ಆದರೆ ಆಸ್ಪತ್ರೆಯ ತನಕ ಬರಲಾಗದವರ ಗತಿ? 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಲಾಯಿತು. 1996ರಲ್ಲಿ ದೇಶದಲ್ಲಿ ಜಾರಿಗೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ.

ಇಂಥ ಕೆಲಸದಲ್ಲಿ ಮಾತ್ರೆಯಷ್ಟೇ ಮುಖ್ಯವಾದದ್ದು ಭಾಷೆ. ನಮ್ಮ ಜನ ‘ಖಿನ್ನತೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ಎದೆ ಭಾರ’, ‘ತಲೆಯೆಲ್ಲ ಧಿಮ್ ಅಂತದೆ’, ‘ಯಾಕೋ ಬೇಜಾರು’ ಅನ್ನುತ್ತಾರೆ. ಬೇಜಾರು ಎಂಬ ಒಂದೇ ಪದದಲ್ಲಿ ಹೊತ್ತು ಹೋಗದಿರುವುದೂ ಇದೆ, ಯಾರ ಮೇಲಿನದೋ ಮುನಿಸೂ ಇದೆ, ಬದುಕೇ ಬೇಡ ಎನಿಸುವುದೂ ಇದೆ. ‘ಎಂಥ ಬೇಜಾರು? ಯಾವಾಗಿಂದ?’ ಎಂದು ಕೇಳಿ, ಉತ್ತರಕ್ಕೆ ಕಾಯುವವರು ಬೇಕು. ಸಹಾನುಭೂತಿ ಎಂಬ ದೊಡ್ಡ ಪದ ಕೆಲಸಕ್ಕಿಳಿಯುವುದು ಆ ಎರಡನೇ ಪ್ರಶ್ನೆಯಲ್ಲಿ ಎಂದು ನಾನು ನಂಬಿದ್ದೇನೆ.

ಡೇರೆಯ ಪಾಠಕ್ಕೆ ಒಂದು ಮಿತಿಯೂ ಉಂಟು. ಮನೆಯವರು ಪಕ್ಕದಲ್ಲಿ ಕೂತಾಗ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ‘ಇವಳಿಗೆ ರಾತ್ರಿ ನಿದ್ದೆಯಿಲ್ಲ ಡಾಕ್ಟ್ರೇ’ ಎಂದು ಗಂಡ ಹೇಳುವಾಗ, ನಿದ್ದೆ ಯಾಕಿಲ್ಲ ಎಂಬುದನ್ನು ಆಕೆ ಅವನೆದುರು ಹೇಳಲಾರಳು. ಮನೆಯವರನ್ನು ಒಳಗೆ ಕರೆದ ಆಸ್ಪತ್ರೆ, ಸ್ವಲ್ಪ ಹೊತ್ತು ಅವರನ್ನು ಹೊರಗೆ ಕೂರಿಸುವುದನ್ನೂ ಕಲಿಯಬೇಕಾಯಿತು. ಸಮಾಜಕಾರ್ಯಕರ್ತರ ಕೆಲಸದಲ್ಲಿ ಇದು ದೊಡ್ಡ ಭಾಗ: ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳುವುದು, ಆಮೇಲೆ ಇಬ್ಬರನ್ನೂ ಜೊತೆಗೆ ಕೂರಿಸುವುದು.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು. ಆದರೆ ಆ ಕಾಗದ ಬರೆಯಲೂ ಒಬ್ಬರು ಎದುರಿಗೆ ಕೂತು, ಅವಸರ ಮಾಡದೆ, ‘ನಿಮಗೇನು ಬೇಕು ಹೇಳಿ’ ಅನ್ನಬೇಕು.