ಅಘನಾಶಿನಿ ಅಳಿವೆ: ಬೆಳಚು, ಕಗ್ಗ, ಗಜನಿ... ನಮ್ಮ ತಾಲೂಕಿನವರು ತಿಳಿದಿರಬೇಕಾದ ಮಾಹಿತಿ

ಕುಮಟಾ: ಪೇಟೆಯಲ್ಲಿ ಬೆಳಚು ಕೊಳ್ಳುವಾಗ ರೇಟು ಜಾಸ್ತಿ ಆಯ್ತು ಅಂತ ಎಲ್ಲರೂ ಹೇಳ್ತೇವೆ. ಅದು ಎಲ್ಲಿಂದ ಬರುತ್ತದೆ, ಯಾಕೆ ಕಡಿಮೆ ಆಗ್ತಿದೆ ಅನ್ನೋದು ಅಳಿವೆ ದಂಡೆಯ ಊರುಗಳನ್ನು ನೋಡಿದರೆ ಗೊತ್ತಾಗುತ್ತದೆ.

ನದಿ ಮತ್ತು ಊರುಗಳು

ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟ ಇಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಈ ನದಿಗೆ ಎಲ್ಲೂ ಅಣೆಕಟ್ಟು ಇಲ್ಲ. ಹೆಸರಿನ ಅರ್ಥ ಪಾಪ ಕಳೆಯುವವಳು. ಅಳಿವೆಯ ದಕ್ಷಿಣ ದಂಡೆಗೆ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಊರು, ಎದುರು ದಂಡೆಗೆ ತದಡಿ ಬಂದರು. ಕಾಗಾಲ, ಮಾಣಿಕಟ್ಟಾ, ಮಿರ್ಜಾನ, ಹೆಗಡೆ, ಮಾಸೂರು, ಐಗಳಕುರ್ವೆ ಹೀಗೆ ಸುತ್ತಲಿನ ಊರುಗಳೆಲ್ಲ ಈ ಉಪ್ಪು-ಸಿಹಿ ನೀರಿನ ಮೇಲೇ ಬದುಕುತ್ತವೆ. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ.

ಬೆಳಚು ಆರಿಸುವ ಕೆಲಸ

ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಸಮಯ ದಿನಾ ಸುಮಾರು ಮುಕ್ಕಾಲು ತಾಸು ಮುಂದೆ ಹೋಗುತ್ತದೆ. ಹಾಗಾಗಿ ಇಲ್ಲಿಯವರ ಕೆಲಸ ಗಡಿಯಾರ ನೋಡಿ ನಡೆಯೋದಲ್ಲ, ನೀರು ನೋಡಿ ನಡೆಯೋದು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇಳಿತ ಜೋರು, ಮರಳ ದಿಬ್ಬ ಹೆಚ್ಚು ತೆರೆದುಕೊಳ್ಳುತ್ತದೆ. ಆಗ ಹೆಂಗಸರು ಮೊಣಕಾಲು, ಸೊಂಟದ ತನಕ ನೀರಿನಲ್ಲಿ ನಿಂತು ಮರಳು ಕೆದಕಿ ಬೆಳಚು ಆರಿಸುತ್ತಾರೆ. ಆಳ ಇದ್ದ ಕಡೆ ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಇದಕ್ಕೆ ಜಾಗ ಬೇಡ, ಬಂಡವಾಳ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಕಡಲಿಗೆ ಹೋಗಲಾಗದ ದಿನಗಳಲ್ಲಿ ಬಡವರ ಮನೆಗೆ ಅಳಿವೆಯೇ ಆಸರೆ. ಮಾಂಸ ಪೇಟೆಗೆ ಬರುತ್ತದೆ, ಗೋವಾ ಕಡೆಗೂ ಹೋಗುತ್ತದೆ. ಚಿಪ್ಪಿಯಿಂದ ಸುಣ್ಣ ಮಾಡುತ್ತಾರೆ.

ಗಜನಿ ಅಂದ್ರೆ ಏನು?

ಉಬ್ಬರದ ನೀರು ನುಗ್ಗುವ ತಗ್ಗು ಜಾಗಕ್ಕೆ ಕಟ್ಟೆ ಹಾಕಿ ಮಾಡಿದ ಗದ್ದೆಯೇ ಗಜನಿ. ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಉಪ್ಪು ನೀರು ತಡೀತಾರೆ. ಮಳೆ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗಕ್ಕೆ ಉಪ್ಪು ತಾಗಿದರೂ ನಡೀತದೆ, ಕೆಲ ದಿನ ನೆರೆಯಲ್ಲಿ ಮುಳುಗಿದರೂ ಸಾಯೋದಿಲ್ಲ. ಗೊಬ್ಬರ ಹಾಕೋದಿಲ್ಲ, ಔಷಧ ಹೊಡೆಯೋದಿಲ್ಲ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಒಂದೇ ಜಾಗ, ಎರಡು ದುಡಿಮೆ.

ಮೊದಲು ಕಟ್ಟೆ ರಿಪೇರಿಯನ್ನು ಊರವರೇ ಒಟ್ಟಾಗಿ ಮಾಡ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಕಟ್ಟೆ ಕಟ್ಟಿದ ಮೇಲೆ ಆ ರೂಢಿ ಸಡಿಲ ಆಯ್ತು. 1990ರ ದಶಕದಲ್ಲಿ ಗಜನಿಗಳು ಸೀಗಡಿ ಸಾಕಣೆಗೆ ಗುತ್ತಿಗೆ ಹೋದವು. ಸೀಗಡಿಗೆ ಬಿಳಿ ಚುಕ್ಕೆ ರೋಗ ಬಂದು ಹಲವರು ಕೈ ಸುಟ್ಟುಕೊಂಡರು. ಅಷ್ಟರಲ್ಲಿ ಕಗ್ಗದ ಬೀಜ ಉಳಿಸಿಕೊಂಡವರು ಕೆಲವರು ಮಾತ್ರ. ಒಂದು ಕಡೆ ಕಟ್ಟೆ ಒಡೆದರೂ ಇಡೀ ಬಯಲಿಗೆ ಉಪ್ಪು ನೀರು ನುಗ್ಗುತ್ತದೆ. ಹಾಗಾಗಿ ಕಗ್ಗ ಒಬ್ಬನೇ ಬೆಳೆಯೋ ಬೆಳೆ ಅಲ್ಲ, ಊರು ಒಟ್ಟಾದರೆ ಮಾತ್ರ ಆಗುವ ಬೆಳೆ.

ರಾಮ್ಸಾರ್ ಅಂದ್ರೆ ಮೀನು ಹಿಡಿಯೋಕೆ ಬಿಡಲ್ವಾ?

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ವಿಸ್ತೀರ್ಣ ಸುಮಾರು 4,801 ಹೆಕ್ಟೇರ್. ಇದು 1971ರಲ್ಲಿ ಇರಾನ್‌ನ ರಾಮ್ಸಾರ್ ಪಟ್ಟಣದಲ್ಲಿ ಆದ ಜೌಗು ಪ್ರದೇಶಗಳ ಒಪ್ಪಂದ. ಜನರನ್ನು ಹೊರಗೆ ಹಾಕೋದು ಅದರ ಉದ್ದೇಶ ಅಲ್ಲ. ಜಾಗ ಹಾಳಾಗದ ಹಾಗೆ ಬಳಸಿಕೊಳ್ಳಿ ಅನ್ನೋದೇ ಅದರ ಮೂಲ ಮಾತು. ಬೆಳಚು ಆರಿಸುವವರೂ, ಕಗ್ಗ ಬೆಳೆಯುವವರೂ ತಲೆತಲಾಂತರದಿಂದ ಮಾಡ್ತಾ ಬಂದಿರೋದು ಅದನ್ನೇ.

ಈಗಿನ ಚಿಂತೆ

ಹಿಂದೆ ತದಡಿಯಲ್ಲಿ 4,000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು. ಜನ ವಿರೋಧ ಮಾಡಿದರು, ಯೋಜನೆ ನಿಂತಿತು. ಈಗ ಅಘನಾಶಿನಿ ನೀರನ್ನು ವೇದಾವತಿಗೆ ಒಯ್ಯುವ ನದಿ ಜೋಡಣೆ ಪ್ರಸ್ತಾವ ಇದೆ. ಘಟ್ಟದ ಮೇಲೆ ನೀರು ತಿರುಗಿಸಿದರೆ ಕೆಳಗೆ ಏನಾಗುತ್ತದೆ? ಸಿಹಿ ನೀರು ಕಡಿಮೆಯಾದಷ್ಟೂ ಉಪ್ಪು ನೀರು ಮೇಲಕ್ಕೆ ಏರುತ್ತದೆ. ಬೆಳಚು ಬೆಳೆಯೋದು ಎರಡೂ ನೀರು ಹದವಾಗಿ ಬೆರೆತ ಕಡೆ. ಅದರ ಜೊತೆಗೆ ಮರಳು ತೆಗೆಯೋದು, ನೆರೆಯ ಹೂಳು ಸೇರಿ ಬೆಳಚಿನ ದಿಬ್ಬ ಹಾಳಾಗ್ತದೆ. ದಂಡೆ ಕಾಯುವ ಕಾಂಡ್ಲಾ ಗಿಡ ಕಡಿದರೆ ಮರಿ ಮೀನಿಗೆ ನೆಲೆ ಇಲ್ಲ.

ಅಂಗಡಿಯವರೂ ಯೋಚನೆ ಮಾಡಬೇಕಾದ ವಿಷಯ ಇದು. ಬೆಳಚಿನ ದುಡ್ಡು ಕೈಗೆ ಬಂದ ದಿನವೇ ಅಕ್ಕಿ, ಎಣ್ಣೆ, ಮಕ್ಕಳ ಪಟ್ಟಿ ಅಂತ ಪೇಟೆಗೆ ಬರುತ್ತದೆ. ಅಳಿವೆಯಲ್ಲಿ ಬೆಳಚು ಇಲ್ಲ ಅಂದ್ರೆ, ನಮ್ಮ ಕೌಂಟರ್‌ನಲ್ಲೂ ಗಿರಾಕಿ ಇಲ್ಲ.