ಎರಡು ಕಿವಿಗೆ ಒಂದೇ ಹಾಡು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಆ ಕಾಲದ ವಾಕ್ಚಿತ್ರಗಳಲ್ಲಿ ಮಾತು, ಹಾಡು, ವಾದ್ಯ ಎಲ್ಲಕ್ಕೂ ಇದ್ದುದು ಒಂದೇ ಧ್ವನಿಪಥ. ಗ್ರಾಮಫೋನ್ ತಟ್ಟೆಗಳ ಕಥೆಯೂ ಅದೇ. ಇದನ್ನೇ ‘ಮೋನೊ’ ಎನ್ನುತ್ತಾರೆ.

ನಟ ಪರದೆಯ ಯಾವ ಬದಿಯಲ್ಲಿದ್ದರೂ ಧ್ವನಿ ಒಂದೇ ಕಡೆಯಿಂದ ಬರುತ್ತಿದ್ದುದು ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೀನ್‌ಗೆ ಕೊರತೆಯಾಗಿ ಕಂಡಿತು. ಎಡಕ್ಕೊಂದು, ಬಲಕ್ಕೊಂದು ಧ್ವನಿ ದಾಖಲಿಸುವ ವಿಧಾನಕ್ಕೆ ಆತ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ. ಎಡ-ಬಲಗಳ ಮೊತ್ತ ಹಾಗೂ ವ್ಯತ್ಯಾಸವನ್ನು ಬೇರೆಬೇರೆಯಾಗಿ ನಿಭಾಯಿಸುವ ಉಪಾಯವೂ ಅದರಲ್ಲಿತ್ತು. ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಅಷ್ಟರಲ್ಲಿ ಬ್ಲಮ್ಲೀನ್ ಬದುಕಿರಲಿಲ್ಲ. 1942ರಲ್ಲಿ ವಿಮಾನ ಅಪಘಾತಕ್ಕೆ ಬಲಿಯಾಗಿದ್ದ.

ಆ ಉಪಾಯ ಮತ್ತೆ ಕೆಲಸಕ್ಕೆ ಬಂದದ್ದು ಎಂಪಿ3ಯಲ್ಲಿ. ಸಿ.ಡಿ.ಯ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಎಂಪಿ3 ಅದನ್ನು 128ಕ್ಕೆ, ಅಂದರೆ ಹನ್ನೊಂದನೆಯ ಒಂದು ಪಾಲಿಗೆ ಇಳಿಸಬಲ್ಲದು. ಬರೀ ಸ್ಟೀರಿಯೋ ಆರಿಸಿದರೆ ಈ 128ನ್ನು ಎಡ-ಬಲಗಳು ಹಂಚಿಕೊಳ್ಳುತ್ತವೆ. ಹಳೆಯ ಮೋನೊ ಹಾಡಿನಲ್ಲಿ ಎರಡೂ ಒಂದೇ ಆದ್ದರಿಂದ ಬರೆದದ್ದನ್ನೇ ಎರಡು ಸಲ ಬರೆದಂತೆ! ‘ಜಾಯಿಂಟ್ ಸ್ಟೀರಿಯೋ’ ಹಾಗಲ್ಲ. ಅದು ಅಗತ್ಯ ಕಂಡಲ್ಲಿ ಮೊತ್ತವನ್ನೂ ವ್ಯತ್ಯಾಸವನ್ನೂ ಬರೆಯುತ್ತದೆ. ವ್ಯತ್ಯಾಸ ಸೊನ್ನೆಯಾದರೆ ಬಹುಪಾಲು ಜಾಗ ಹಾಡಿಗೇ ಉಳಿಯುತ್ತದೆ.

ಹಾಗಾದರೆ ಎಲ್ಲವನ್ನೂ ಮೋನೊ ಮಾಡಿಬಿಡಬಹುದೇ? ಅವಸರ ಬೇಡ. 1978ರ ‘ನಿತ್ಯೋತ್ಸವ’ದ ನಂತರ ಭಾವಗೀತೆಗಳ ಧ್ವನಿಸುರುಳಿಗಳು ಮನೆಮನೆ ಸೇರಿದವು. ರಾಜಾಜಿನಗರ, ವಿಜಯನಗರದಂಥ ಬಡಾವಣೆಗಳ ಹಳೆಯ ಮನೆಗಳಲ್ಲಿ ಅವುಗಳ ಜತೆಗೆ ನಾಮಕರಣದ ಹಾಡು, ಅಜ್ಜಿಯ ಸೋಬಾನೆ ಪದ ತುಂಬಿದ ಸುರುಳಿಗಳೂ ಇರುವುದುಂಟು. ಟೇಪ್ ರೆಕಾರ್ಡರಿನ ಹೆಡ್ ಕೂದಲೆಳೆಯಷ್ಟು ವಾರೆಯಾಗಿದ್ದರೂ ಎಡ-ಬಲಗಳ ನಡುವೆ ಕಾಲದ ಸಣ್ಣ ಅಂತರ ಬೀಳುತ್ತದೆ. ಹಾಗೆಯೇ ಎರಡನ್ನೂ ಬೆರೆಸಿದರೆ ತಾರಸ್ವರಗಳು ಪರಸ್ಪರ ಅಳಿಸಿಹೋಗಿ ತಾಳದ ಝಣತ್ಕಾರ, ‘ಸ’ಕಾರದ ಮೊನಚು ಮಂಕಾಗುತ್ತವೆ. ಬೆರೆತ ಧ್ವನಿಯನ್ನು ಮತ್ತೆ ಬಿಡಿಸುವುದು ಅಸಾಧ್ಯವೆಂದರೂ ಸರಿ.

ಆದ್ದರಿಂದ ಮೊದಲು ಹೆಡ್ ಸರಿಪಡಿಸಿ, ಎರಡೂ ಬದಿಗಳನ್ನು ಕುಗ್ಗಿಸದೆ ದಾಖಲಿಸಿಟ್ಟುಕೊಳ್ಳಬೇಕು. ಹಂಚಿಕೊಳ್ಳುವ ಪ್ರತಿಗೆ ಸ್ಟೀರಿಯೋ ಗೀತೆಯಾದರೆ ಜಾಯಿಂಟ್ ಸ್ಟೀರಿಯೋ, ಒಂದೇ ಮೈಕಿನ ಅಜ್ಜಿಯ ಪದವಾದರೆ ಮೋನೊ ಸಾಕು. ಚಿತ್ರಗೀತೆ ಇನ್ನೆಲ್ಲಾದರೂ ಸಿಕ್ಕೀತು. ಅಜ್ಜಿಯ ದನಿಗೆ ಇರುವುದು ಅದೊಂದೇ ಸುರುಳಿ.